ದೊಡ್ಡವರ ತಂಡಕ್ಕೆ ಕೊಸರಾಗಿ ಹೋದ ಹುಡುಗಿ

ಕಳೆದ ವಾರ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಕೊಂಡದ್ದು ಒಂದು ಸೌಟು, ನಿಂತದ್ದು ಅರ್ಧ ತಾಸು. ಸೌಟನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದಳು. ಇವಳಿಗೆ ಬೇಕಾದದ್ದು ಸೌಟಲ್ಲ ಎಂದು ನನಗೆ ಆಗಲೇ ತಿಳಿದಿತ್ತು. ಕಡೆಗೆ ಬಾಯಿ ಬಿಟ್ಟಳು.

"ಅಕ್ಕಾರ, ನಮ್ಮ ಹುಡುಗಿ ಚಂಡಾಟ ಭಾಳ ಚಲೋ ಆಡತಾಳ್ರಿ. ಹನ್ನೆರಡು ತುಂಬೈತಿ. ದೊಡ್ಡ ಹುಡುಗ್ಯಾರ ಟೀಮಿಗೆ ಹಾಕು ಅಂತ ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ. ನೀವು ನಿಮ್ಮ ಸಣ್ಣಾಕಿನ ಹಾಕಿದ್ರೆಲ್ಲ, ಏನ್ ಫಾಯ್ದೆ ಆತ್ರಿ?"

"ಹಾಕಬ್ಯಾಡ," ಎಂದೆ. ಆಮೇಲೆ, "ಹಾಂಗಲ್ಲ, ಹಾಕಿದ್ರೂ ಹಾಕು," ಎಂದೆ. ಅವಳು ನನ್ನ ಮುಖ ನೋಡಿದಳು. "ನನಗೇನ್ ಕೇಳತೀ, ಹುಡುಗಿನ್ನ ಕೇಳು!" ಎಂದು ಗದರಿಸಿಬಿಟ್ಟೆ. ಸಪ್ಪೆ ಮುಖ ಮಾಡಿಕೊಂಡು ಸೌಟು ಹಿಡಿದು ಹೋದಳು. ಸಲಹೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಹೆಂಗಸಲ್ಲ ನಾನು. ಕೇಳದವರಿಗೂ ಹೇಳುತ್ತೇನೆ ಎಂದು ಮನೆಯಲ್ಲಿ ನನ್ನ ಮೇಲೆ ತಕರಾರೇ ಇದೆ. ಆದರೆ ಈ ವಿಷಯ ಬಂದರೆ ಮಾತ್ರ ಹೀಗೆ ಗದರಿಬಿಡುತ್ತೇನೆ. ಆ ಹೆಣ್ಣುಮಗಳಿಗೆ ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಧಂದೆಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗ ಬೆಟಗೇರಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟುಕೊಂಡು ಫ್ಯಾನಿನ ಕೆಳಗೆ ಕೂತಿದ್ದೇನೆ ನಿಜ. ಆದರೆ ನಾನು ಶುರು ಮಾಡಿದ್ದು ತಲೆಯ ಮೇಲೊಂದು ಬುಟ್ಟಿ ಹೊತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿ ಓಣಿ ತಿರುಗಿ, ಹಳೆ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುತ್ತಿದ್ದೆ. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿದರೆ ಸಾಕು, ಇದಕ್ಕೆ ಬಕೆಟ್ ಕೊಡಬಹುದೋ ತಂಬಿಗೆಯಲ್ಲೇ ಮುಗಿಸಬೇಕೋ ಗೊತ್ತಾಗುತ್ತಿತ್ತು. ವ್ಯವಹಾರ ಎಷ್ಟೇ ಜಗ್ಗಾಡಲಿ, ಮುಗಿಯುವ ರೀತಿ ಮಾತ್ರ ಎಲ್ಲ ಮನೆಯ ಬಾಗಿಲಲ್ಲೂ ಒಂದೇ. ಬಕೆಟ್ ಒಳಗಿಟ್ಟು ಬಂದ ಮನೆಯಾಕೆ ಮತ್ತೆ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. "ಮ್ಯಾಲೊಂದು ಚಮಚಾ ಹಾಕವಾ," ಎನ್ನುತ್ತಾಳೆ. ಅದು ಕೊಸರು. ಅದಿಲ್ಲದಿದ್ದರೆ ಆಕೆಗೆ ತಾನು ಸೋತೆ ಅನ್ನಿಸುತ್ತದೆ. ಹಾಗಾಗಿ ಬುಟ್ಟಿಯ ತಳದಲ್ಲಿ ತೆಳ್ಳನೆಯ ಚಮಚಗಳ ಒಂದು ಕಟ್ಟನ್ನು ಯಾವಾಗಲೂ ಇಟ್ಟುಕೊಂಡಿರುತ್ತಿದ್ದೆ. ಗಟ್ಟಿ ಮೊಸರಿಗೆ ಹಾಕಿದರೆ ಬಾಗುವಂಥವು. ಆ ಚಮಚದಲ್ಲಿ ಯಾರೂ ಉಣ್ಣುವುದಿಲ್ಲ. ಕೇಳಿ ಇಸಿದುಕೊಂಡದ್ದಷ್ಟೇ ಖುಷಿ, ಆಮೇಲೆ ಅದು ಡಬ್ಬಿಯ ಮೂಲೆ ಸೇರುತ್ತದೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹದಿನಾರು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಗೋಲ್‌ಕೀಪರ್. ಸಣ್ಣವಳಿಗೆ ಹದಿಮೂರು, ಇನ್ನೂ ಅಕ್ಕನ ಭುಜದ ಕೆಳಗೇ ಇದ್ದಾಳೆ. ನಮ್ಮ ಊರು ಹಾಕಿಯ ಊರು. ಕೋಲು ಹಿಡಿದ ಹುಡುಗಿಯರನ್ನು ನೋಡಿ ಯಾರೂ ತಿರುಗಿ ನಿಲ್ಲುವುದಿಲ್ಲ. ಫುಟ್‌ಬಾಲ್ ಮಾತ್ರ ಇನ್ನೂ ಹೊಸದು. ಬೆಟಗೇರಿಯ ಶಾಲೆಯೊಂದರ ಟೀಚರ್ ಸಂಜೆ ಹೊತ್ತು ಸಣ್ಣ ಹುಡುಗಿಯರನ್ನು ಕಟ್ಟಿಕೊಂಡು ಆಡಿಸುತ್ತಿದ್ದರು. ನನ್ನ ಸಣ್ಣವಳು ಅಲ್ಲೇ ಬೆಳೆದಳು.

ಅವಳ ಆಟವನ್ನು ಹೇಗೆ ಹೇಳಲಿ. ಚೆಂಡು ಕಾಲಿಗೆ ಬಂದರೆ ಅವಳು ಅದನ್ನು ಒದೆಯುತ್ತಿರಲಿಲ್ಲ, ಕರೆದುಕೊಂಡು ಹೋಗುತ್ತಿದ್ದಳು. ಎದುರು ಬಂದವಳನ್ನು ಒಂದು ಕ್ಷಣ ನಿಂತು ನೋಡುವಳು. ಸಂತೆಯಲ್ಲಿ ನಾನು ಗಿರಾಕಿಯ ಮುಖ ನೋಡುತ್ತೇನಲ್ಲ, ಹಾಗೆ. ಅವಳು ಎಡಕ್ಕೆ ವಾಲಿದಳೆಂದರೆ ಇವಳು ಬಲಕ್ಕೆ. ಒಬ್ಬಳನ್ನು ದಾಟಿ, ಇನ್ನೊಬ್ಬಳನ್ನು ದಾಟಿ, ಗೋಲಿನ ಎದುರು ಹೋಗಿ ನಿಂತು ನಗುವಳು. ಗೋಲು ಹೊಡೆದ ಮೇಲೆ ನಗುವುದು ಬೇರೆ. ಇವಳು ಹೊಡೆಯುವುದಕ್ಕೆ ಮೊದಲೇ ನಗುತ್ತಿದ್ದಳು. ಅದನ್ನು ನೋಡಲಿಕ್ಕೆಂದೇ ನಾನು ಅಂಗಡಿಯನ್ನು ಬೇಗ ಮುಚ್ಚಿ ಹೋಗಿದ್ದುಂಟು.

ಟೀಚರ್ ಮಾತ್ರ ತಲೆ ಅಲ್ಲಾಡಿಸುತ್ತಿದ್ದರು. "ಈಕಿಗೆ ಇಲ್ಲಿ ಅಡ್ಡ ಬರೋರು ಯಾರೂ ಇಲ್ರಿ. ಪಾಸ್ ಕೊಡು ಅಂದ್ರ ಕೊಡಂಗಿಲ್ಲ. ಯಾಕ ಕೊಡ್ಲಿ, ನಾನ ಹೋಗ್ತೀನೆಲ್ಲ ಅಂತಾಳ." ಅದು ಸುಳ್ಳಲ್ಲ. ಸುಲಭಕ್ಕೆ ಸಿಕ್ಕ ವ್ಯಾಪಾರ ಬುದ್ಧಿ ಕಲಿಸುವುದಿಲ್ಲ ಎಂದು ನಾನೂ ಒಪ್ಪಿದೆ. ದೊಡ್ಡವರ ಜೊತೆ ಆಡಿದರೆ ಚುರುಕಾಗುತ್ತಾಳೆ ಎನ್ನುವುದು ನನ್ನ ತಲೆಗೆ ಬಂದದ್ದು ಹಾಗೆ.

ಅಷ್ಟರಲ್ಲಿ ದೊಡ್ಡ ಹುಡುಗಿಯರ ತಂಡದ ಸರ್ ಅಂಗಡಿಗೆ ಬಂದರು. ಮೈದಾನಕ್ಕೆ ನೀರಿನ ಡ್ರಮ್ ನೋಡಬೇಕು ಎಂದರು. ಡ್ರಮ್ಮಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ನಾನು ಸುಮ್ಮನೆ ಚಹಾ ತರಿಸಿದೆ.

"ಅಕ್ಕಾರ, ನಿಮ್ಮ ದೊಡ್ಡ ಮಗಳು ಮನ್ಯಾಗ ಖಾಲಿ ಇದ್ದಾಳಂತಲ್ರಿ? ನಮ್ಮ ಗೋಲ್‌ಕೀಪರ್ ಹುಡುಗಿ ಕಾಲೇಜಿಗೆ ಹುಬ್ಬಳ್ಳಿಗೆ ಹೋದ್ಲು. ಗೋಲಿನಾಗ ನಿಲ್ಲೋರ ಇಲ್ಲ, ನಿಮ್ಮಾಕಿ ಎತ್ತರ ಇದ್ದಾಳ ನೋಡ್ರಿ."

"ಖಾಲಿ ಯಾಕ ಇರ್ತಾಳ? ಓದಾಕತ್ತಾಳ," ಎಂದೆ. ಗರಜು ಯಾರದು, ಬೇಕಾಗಿ ಬಂದವರು ಯಾರು ಎನ್ನುವುದು ತಿಳಿದ ಮೇಲೆ ಅವಸರ ಮಾಡಬಾರದು. "ನೋಡೂಣಂತ. ಆದ್ರ ಒಬ್ಬಾಕಿನ ಕಳಸಾಕ ನಮಗ ಕಷ್ಟ. ಸಣ್ಣಾಕಿನೂ ತಗೋರಿ."

"ಹದಿಮೂರರ ಹುಡುಗಿನ್ರಿ? ನಮ್ಮವರೆಲ್ಲ ಹದಿನಾರು, ಹದಿನೇಳು ಇದ್ದಾರ್ರಿ!"

"ಚಂಡು ವಯಸ್ಸು ಕೇಳ್ತದೇನ್ರಿ ಸರ? ಅಕ್ಕನ ಜೋಡಿ ಬರ್ತಾಳ, ಅಕ್ಕನ ಜೋಡಿ ಹೋಗ್ತಾಳ. ನಿಮಗೇನ್ ಭಾರ?"

ಅವರು ಡ್ರಮ್ಮಿನ ಒಳಗೆ ಮುಖ ಹಾಕಿ ನೋಡಿದರು. "ಆತ್ ಬಿಡ್ರಿ, ಇಬ್ಬರೂ ಬರ್ಲಿ," ಎಂದರು. ಡ್ರಮ್ ಒಯ್ಯಲಿಲ್ಲ. ಅವತ್ತು ನಾನು ಮುಂಡರಗಿಯ ಸಂತೆಯನ್ನೇ ಗೆದ್ದು ಬಂದವಳಂತೆ ಮನೆಗೆ ಹೋದೆ. "ಏನ್ ಕಿಮ್ಮತ್ತಿಗೆ ಮಾರಿ ಬಂದಿ ಹುಡುಗ್ಯಾರನ್ನ?" ಎಂದು ಮನೆಯವರು ಚಾಷ್ಟಿ ಮಾಡಿದರು. ಅವರು ಟಂಟಂ ಗಾಡಿ ಓಡಿಸುತ್ತಾರೆ, ಸಂತೆಗೆ ನನ್ನ ಸಾಮಾನು ಹೇರುವುದೂ ಅದರಲ್ಲೇ. ಚಾಷ್ಟಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಮೊದಲು ಲಾಭವೇ ಕಂಡಿತು. ಅದನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಚೆಂಡು ಬರುವ ಮೊದಲೇ ಸುತ್ತ ನೋಡುವುದನ್ನು ಸಣ್ಣವಳು ಅಲ್ಲಿ ಕಲಿತಳು. ಪಾಸ್ ಕೊಡದವಳು ಕೊಡತೊಡಗಿದಳು. ಬೆಳಿಗ್ಗೆ ನಾನು ಎಬ್ಬಿಸದೆಯೇ ಎದ್ದು ಬೂಟು ಹಾಕಿಕೊಳ್ಳುತ್ತಿದ್ದಳು. ದೊಡ್ಡ ಹುಡುಗಿಯೊಬ್ಬಳು ಸೊಂಟ ಕೊಟ್ಟು ತಳ್ಳಿದರೆ ನಾಲ್ಕು ಮಾರು ದೂರ ಬೀಳುವಳು. ಮೊಣಕಾಲು ಕೆತ್ತಿ ಬಂದರೂ ಅಳುತ್ತಿರಲಿಲ್ಲ. ಗಟ್ಟಿಯಾಗುತ್ತಿದ್ದಾಳೆ ಎಂದುಕೊಂಡು ನಾನು ಅರಿಸಿನ ಹಚ್ಚಿದೆ.

ಲಕ್ಷ್ಮೇಶ್ವರದಲ್ಲಿ ಪಂದ್ಯ ಇತ್ತು. ನಾನು ಅಲ್ಲಿಯ ಸಂತೆಯ ಕೆಲಸ ಮುಗಿಸಿ ಮೈದಾನಕ್ಕೆ ಹೋದೆ. ದೊಡ್ಡವಳು ಗೋಲಿನಲ್ಲಿ ಎರಡು ಕೈ ಚಾಚಿ ನಿಂತಿದ್ದಳು. ಸಣ್ಣವಳನ್ನು ಹುಡುಕಿದೆ. ಗೆರೆಯ ಹೊರಗೆ, ನೀರಿನ ಬಾಟಲಿಗಳ ನಡುವೆ ಕೂತಿದ್ದಳು. ಚೆಂಡು ಹೊರಗೆ ಹೋದಾಗಲೆಲ್ಲ ಎದ್ದು ಓಡಿ ತಂದು ಕೊಡುತ್ತಿದ್ದಳು. ಪಂದ್ಯ ಮುಗಿಯಲಿಕ್ಕೆ ಬಂದಾಗ, ಗೆಲುವು ಖಾತ್ರಿಯಾದ ಮೇಲೆ, ಸರ್ ಅವಳನ್ನು ಒಳಗೆ ಬಿಟ್ಟರು. ಒಂದು ಮೂಲೆಯಲ್ಲಿ ನಿಂತಳು. ಚೆಂಡು ಅವಳ ಕಡೆ ಬರುವ ಮೊದಲೇ ಸೀಟಿ ಊದಿದರು.

ಹೊಸಬಳು, ಇರಲಿ ಎಂದುಕೊಂಡೆ. ಶಿರಹಟ್ಟಿಯಲ್ಲೂ ಅದೇ ಆಯಿತು. ಅವತ್ತು ಮಾತ್ರ ಚೆಂಡು ಅವಳ ಕಾಲಿಗೆ ಬಂತು. ಎದುರಿಗೆ ಒಬ್ಬಳೇ ಹುಡುಗಿ, ದಪ್ಪನೆಯವಳು, ತಿರುಗುವುದು ನಿಧಾನ. ನನ್ನ ಮಗಳು ಹಿಂದಿನ ವರ್ಷವಾಗಿದ್ದರೆ ಅಂಥವಳನ್ನು ಎರಡು ಸಲ ದಾಟಿ, ಮತ್ತೆ ಬಂದು ದಾಟುತ್ತಿದ್ದಳು. ನಾನು ಟಂಟಂ ಮೇಲೆ ಎದ್ದು ನಿಂತೆ. ಅವಳು ಚೆಂಡನ್ನು ಬಿಸಿ ತಾಟು ಮುಟ್ಟಿದವಳಂತೆ ಪಕ್ಕದವಳಿಗೆ ತಳ್ಳಿಬಿಟ್ಟಳು. ತಲೆ ಎತ್ತಿ ನೋಡಲೂ ಇಲ್ಲ.

ಪಂದ್ಯ ಮುಗಿದ ಮೇಲೆ ಸರ್ ಅವರನ್ನು ಹಿಡಿದೆ.

"ಏನ್ರಿ ಸರ, ನೀರಿನ ಬಾಟಲಿ ಕಾಯಾಕ ಕಳಿಸೀನೇನ್ ನನ್ನ ಮಗಳನ್ನ?"

"ಗೆಲ್ಲಬೇಕಲ್ರಿ ಅಕ್ಕಾರ. ದೊಡ್ಡ ಹುಡುಗ್ಯಾರು ಹಾಯ್ದ್ರ ಎಲುಬು ಮುರೀತಾವ. ಆಮ್ಯಾಲೆ ನೀವ ಬಂದು ನನ್ನ ಕೂಡ ಜಗಳಾ ತಗೀತೀರಿ."

"ಆಡಸದ ಇದ್ರ ಹೆಂಗ ಕಲೀಬೇಕು?"

"ಪ್ರ್ಯಾಕ್ಟೀಸಿನಾಗ ಆಡತಾಳಲ್ರಿ. ಮುಂದ ಎರಡು ವರ್ಷ ತಡೀರಿ, ಟೀಮ್ ಆಕೀದ ಆಕ್ಕೈತಿ."

ಎರಡು ವರ್ಷ! ಅಂಗಡಿಯಲ್ಲಿ ಸಾಮಾನನ್ನು ಎರಡು ವರ್ಷ ಅಟ್ಟದ ಮೇಲಿಟ್ಟರೆ ಅದರ ಹೊಳಪು ಹೋಗುತ್ತದೆ. ಮೈ ಬೆಳೆಯುವವರೆಗೆ ಕಾಯುವುದಾಗಿದ್ದರೆ ತನ್ನ ವಾರಿಗೆಯವರ ಜೊತೆ ಗೋಲು ಹೊಡೆಯುತ್ತ ಕಾಯಬಹುದಿತ್ತಲ್ಲ. ಆದರೆ ಆ ಮನುಷ್ಯ ಹೇಳಿದ್ದರಲ್ಲಿ ಹಿಡಿದು ಜಗ್ಗುವ ಎಳೆಯೇ ಇರಲಿಲ್ಲ, ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಮೈದಾನದ ಆಚೆಯೂ ನೋಡಬೇಕಾದದ್ದು ಇತ್ತು. ದೊಡ್ಡ ಹುಡುಗಿಯರು ಒಟ್ಟಾಗಿ ಕೂತರೆ ಕಾಲೇಜು, ಮೊಬೈಲು, ಯಾರದೋ ಅಕ್ಕನ ಮದುವೆ. ಇವಳು ಹೋಗಿ ಕೂತರೆ "ಸಣ್ಣವರ ಮುಂದ ಮಾತಾಡಬ್ಯಾಡ್ರೆಲೇ," ಎಂದು ಬಾಯಿ ಮುಚ್ಚಿಕೊಳ್ಳುವರು. ಬಸ್ಸಿನಲ್ಲಿ ಎಲ್ಲರ ಚೀಲವೂ ಇವಳ ತೊಡೆಯ ಮೇಲೆ. ದೊಡ್ಡವಳಿಗೂ ಕಿರಿಕಿರಿ. "ಎಲ್ಲಿ ಹೋದ್ರೂ ಬಾಲದ ಗತೆ ಬೆನ್ನ ಹತ್ತಿ ಬರ್ತಾಳವಾ. ಟೀಮಿನಾಗಾದ್ರೂ ನನಗ ಒಂದು ಜಾಗಾ ಬಿಟ್ಟುಕೊಡು," ಎಂದಳು. ಇತ್ತ ಬೆಟಗೇರಿಯ ಹಳೆ ಗೆಳತಿಯರು ಇವಳನ್ನು ಕರೆಯುವುದನ್ನೇ ಬಿಟ್ಟಿದ್ದರು. ದೊಡ್ಡವರ ಟೀಮಿಗೆ ಹೋದವಳಿಗೆ ನಾವು ಯಾತಕ್ಕೆ ಎಂದು.

ಮುಂಡರಗಿಯಿಂದ ವಾಪಸು ಬರುವಾಗ ಮಾತು ಹೊರಗೆ ಬಿತ್ತು. ದೊಡ್ಡವಳು ತಂಡದವರ ಜೊತೆ ಬಸ್ಸಿಗೆ ಹೋಗಿದ್ದಳು; ಟಂಟಂ ಹಿಂದೆ ನಾನೂ ಸಣ್ಣವಳೂ ಉಳಿದ ಬೋಗುಣಿಗಳ ನಡುವೆ ಕೂತಿದ್ದೆವು. ಅವತ್ತು ಅವಳನ್ನು ಮೈದಾನಕ್ಕೇ ಇಳಿಸಿರಲಿಲ್ಲ. ಬೂಟಿಗೆ ಮಣ್ಣೇ ಹತ್ತಿರಲಿಲ್ಲ. ನಾನು ಎಂದಿನಂತೆ ಉಪದೇಶಕ್ಕೆ ಶುರು ಮಾಡಿದೆ. ಧೈರ್ಯ ಮಾಡಬೇಕು, ಸರ್ ಮುಂದೆ ಹೋಗಿ ನಿಂತು ಕೇಳಬೇಕು, ಬಾಯಿ ಇದ್ದವರಿಗೇ ಕಾಲ, ಹಾಗೆ ಹೀಗೆ. ಅವಳು ಒಂದು ಬೋಗುಣಿಯ ಮುಚ್ಚಳವನ್ನು ತಿರುಗಿಸುತ್ತ ಕೂತಿದ್ದಳು.

"ಅವ್ವಾ, ಸರು ನನ್ನ ಕೇಳಿದ್ರೇನು?"

"ಏನ್ ಕೇಳಿದ್ರು?"

"ನನ್ನ ಟೀಮಿಗೆ ಬೇಕು ಅಂತ ಕೇಳಿದ್ರೇನು? ಅವ್ರು ಕೇಳಿದ್ದು ಅಕ್ಕನ್ನ. ನೀ ಅಕ್ಕನ ಬಕೆಟ್ ಅಂತ ಕೊಟ್ಟಿ. ನನ್ನ ಚಮಚಾ ಅಂತ ಮ್ಯಾಲ ಒಗದಿ."

ಮುಂದೆ ಗಾಡಿ ಓಡಿಸುತ್ತಿದ್ದ ಮನೆಯವರು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ ಮತ್ತೆ ರಸ್ತೆ ನೋಡಿದರು. ನಗಲಿಲ್ಲ. ಅವರು ನಕ್ಕಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು. "ಏನರ ಮಾತಾಡಬ್ಯಾಡ ನೀ," ಎಂದು ಅವಳ ಕೈಯಿಂದ ಮುಚ್ಚಳ ಕಸಿದುಕೊಂಡೆ.

ಮಾಡಿದ ವ್ಯವಹಾರ ಸರಿಯಿಲ್ಲವೆಂದರೆ ಕೂತು ಅಳುವ ಜಾಯಮಾನ ನನ್ನದಲ್ಲ. ಮರುದಿನವೇ ಸರ್ ಹತ್ತಿರ ಹೋದೆ. ಆಡಿಸುವುದಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಸಣ್ಣವಳನ್ನು ವಾಪಸು ಒಯ್ಯುತ್ತೇನೆ ಎಂದೆ. ಅವರು ಜಗ್ಗಾಡುತ್ತಾರೆ, ತಡೆಯಿರಿ ಅನ್ನುತ್ತಾರೆ, ಅರ್ಧ ಪಂದ್ಯವಾದರೂ ಆಡಿಸುತ್ತೇನೆ ಎನ್ನುತ್ತಾರೆ ಎಂದು ಲೆಕ್ಕ ಹಾಕಿದ್ದೆ.

"ಒಯ್ರಿ ಅಕ್ಕಾರ," ಎಂದರು. "ಹುಡುಗಿ ಚಲೋ ಐತಿ. ಒಯ್ರಿ." ಹೇಳುತ್ತಲೇ ಕಂಬಕ್ಕೆ ಬಲೆ ಕಟ್ಟುತ್ತಿದ್ದರು.

ಇಷ್ಟು ವರ್ಷದ ವ್ಯಾಪಾರದಲ್ಲಿ ಅಷ್ಟು ಅವಮಾನ ನನಗೆ ಆಗಿರಲಿಲ್ಲ. ಕೊಸರು ಹಾಕಿದ್ದನ್ನು ವಾಪಸು ಇಸಿದುಕೊಂಡರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಸಿಟ್ಟಿನಲ್ಲಿ, "ಹಂಗಾದ್ರ ದೊಡ್ಡಾಕಿನೂ ಬರಂಗಿಲ್ಲ," ಎಂದೆ. ಬಲೆ ಕಟ್ಟುತ್ತಿದ್ದ ಕೈ ಆಗ ನಿಂತಿತು. ಆದರೆ ಅಷ್ಟೊತ್ತಿಗೆ ಗೋಲಿನ ಹತ್ತಿರವಿದ್ದ ನನ್ನ ದೊಡ್ಡ ಮಗಳೇ ಕೈಗವಸು ಕಳಚುತ್ತ ಬಂದಳು.

"ಅವ್ವಾ, ನನ್ನ ಯಾಕ ಚೌಕಾಸಿಗೆ ಇಡತಿ? ನಾ ಇಲ್ಲೇ ಆಡಾಕಿ." ಸರ್ ಎದುರಿಗೇ ಹೇಳಿದಳು. ಸರ್ ಮತ್ತೆ ಬಲೆ ಕಟ್ಟತೊಡಗಿದರು. ನನ್ನ ಕೈಯಲ್ಲಿ ಇನ್ನು ಸಾಮಾನೇ ಉಳಿದಿರಲಿಲ್ಲ.

ಅಲ್ಲಿಂದ ಬೆಟಗೇರಿಯ ಟೀಚರ್ ಹತ್ತಿರ ಹೋದೆ. ಅವರು ಕುರ್ಚಿ ಕೊಟ್ಟರು, ಮುಖ ಕೊಡಲಿಲ್ಲ. "ಒಯ್ಯೂ ಮುಂದ ನನಗ ಒಂದು ಮಾತು ಹೇಳಿದ್ರೇನ್ರಿ? ದೊಡ್ಡವರ ಜೋಡಿ ಪ್ರ್ಯಾಕ್ಟೀಸ್ ಮಾಡ್ಲಿ, ಪಂದ್ಯ ನಮ್ಮ ಕೂಡ ಆಡ್ಲಿ ಅಂತ ನಾನ ಹೇಳಾಕಿ ಇದ್ದೆ. ಈಗ ಹೆಸರು ದೊಡ್ಡವರ ಕಡೆ ಹೋಗೈತಿ. ಈ ಹಂಗಾಮು ಮುಗಿಯೂತನಕ ಸಣ್ಣವರ ಪಂದ್ಯಕ್ಕ ಬಿಡಂಗಿಲ್ಲ ಅಂತಾರ. ಒಬ್ಬಾಕಿ ಒಂದ ಕಡೆ ಆಡಬೇಕಂತ."

ಪಂದ್ಯ ನಡೆಸುವವರನ್ನೂ ಬಿಡಲಿಲ್ಲ. ಚಹಾ ಕುಡಿಸಿದೆ, ಕೈ ಮುಗಿದೆ, ಗೆದ್ದವರಿಗೆಲ್ಲ ನಮ್ಮ ಅಂಗಡಿಯಿಂದ ಒಳ್ಳೆ ದಪ್ಪ ಸ್ಟೀಲಿನ ತಂಬಿಗೆ ಕೊಡುತ್ತೇನೆ ಎಂದೂ ಹೇಳಿದೆ. "ನಿಯಮ ಐತ್ರಿ ಬಾಯಾರ," ಎಂದರು. ಒಂದು ಮಾತಿಗೆ ಒಂದೇ ಮಾತು. ಹೇಳಿದ ಬೆಲೆಗೇ ನಿಲ್ಲುವ ಗಿರಾಕಿಯನ್ನು ನಾನು ಕಂಡಿದ್ದೇನೆ, ನಿಯಮದ ಜೊತೆ ಮಾತ್ರ ಜಗ್ಗಾಡಲು ಬರುವುದಿಲ್ಲ. ಮೇಲೆ ಹೋಗುವಾಗ ಯಾರೂ ಏನೂ ಕೇಳಲಿಲ್ಲ, ಇಳಿದು ಬರುತ್ತೇನೆಂದರೆ ಎಲ್ಲರಿಗೂ ನಿಯಮ ನೆನಪಾಯಿತು.

ಪಂದ್ಯ ಇಲ್ಲದಿದ್ದರೂ ಆಡಲಿಕ್ಕಾದರೂ ಬರಲಿ ಎಂದು ಟೀಚರ್ ಒಪ್ಪಿದರು. ಮೊದಲ ಸಂಜೆ ನಾನೂ ಜೊತೆಗೆ ಹೋದೆ. ಹಳೆಯ ಗೆಳತಿಯರು ಇವಳನ್ನು ನೋಡಿ ಸರಿದು ಜಾಗ ಬಿಟ್ಟರು. ಆಟ ಶುರುವಾಯಿತು. ಚೆಂಡು ಬಂತು, ಪಕ್ಕಕ್ಕೆ ತಳ್ಳಿದಳು. ಮತ್ತೆ ಬಂತು, ಮತ್ತೆ ತಳ್ಳಿದಳು. ಎದುರಿಗೆ ಇದ್ದವರೆಲ್ಲ ಅವಳಷ್ಟೇ ಸಣ್ಣವರು. ಆದರೂ ಸೊಂಟ ಬಂದು ತಾಗೀತೆಂದು ಮೈ ಹಿಡಿ ಮಾಡಿಕೊಂಡಿದ್ದಳು.

"ಹೊಡ್ಕೊಂಡ ಹೋಗಲೇ!" ಒಬ್ಬ ಹುಡುಗಿ ಕೂಗಿದಳು. "ಪಾಸ್ ಕೊಡು ಕೊಡು ಅಂತಿದ್ವಿ, ಈಗ ನೋಡಿದ್ರ ಬರೇ ಪಾಸ!"

ಮೈದಾನದ ಅಂಚಿನ ಕಲ್ಲಿನ ಮೇಲೆ ನನಗೆ ಕೂರಲಾಗಲಿಲ್ಲ. "ಎದುರಿಗಿನಾಕಿನ ನೋಡು! ಮೊದಲಿನಂಗ ನೋಡು!" ಎಂದು ನಾನೂ ಕೂಗಿದೆ. ಅವಳು ಆಟ ಬಿಟ್ಟು ಗೆರೆಯ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

"ಅವ್ವಾ, ನಾಳಿಯಿಂದ ನೀ ಬರಬ್ಯಾಡ."

"ನಾ ಬರಲಿಲ್ಲಂದ್ರ ಯಾರು ಹೇಳ್ತಾರ ನಿನಗ?"

"ಯಾರೂ ಹೇಳೂದು ಬ್ಯಾಡ."

ಆ ಸೌಟಿನ ಹೆಣ್ಣುಮಗಳು ಮತ್ತೆ ಬಂದರೆ ಹೇಳುವುದು ಇದಿಷ್ಟೆ. ದೊಡ್ಡವರ ತಂಡದವರು ನಿನ್ನ ಹುಡುಗಿಯನ್ನೇ ಬೇಕು ಎಂದು ಕೇಳಿಕೊಂಡು ಬಂದಿದ್ದಾರೋ, ನೀನೇ ಹೊತ್ತುಕೊಂಡು ಹೋಗಿ ಮೇಲೆ ಹಾಕುತ್ತಿದ್ದೀಯೋ? ಕೇಳಿ ಬಂದಿದ್ದರೆ ಎಷ್ಟು ಹೊತ್ತು ಆಡಿಸುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊ. ಅಭ್ಯಾಸ ದೊಡ್ಡವರ ಜೊತೆ ಇರಲಿ, ಬಿದ್ದು ಎದ್ದು ಕಲಿಯುತ್ತಾಳೆ. ಪಂದ್ಯ ವಾರಿಗೆಯವರ ಜೊತೆಗೇ ಇರಲಿ. ಅಲ್ಲಿ ಚೆಂಡು ಅವಳ ಕಾಲಿಗೆ ಬರುತ್ತದೆ, ಬಸ್ಸಿನಲ್ಲಿ ಮಾತಾಡಲಿಕ್ಕೂ ಜನ ಇರುತ್ತಾರೆ. ವಾಪಸು ಬರುವ ಬಾಗಿಲು ತೆರೆದಿದೆಯೋ ಇಲ್ಲವೋ ಎನ್ನುವುದನ್ನು ಹೋಗುವ ಮೊದಲೇ ಕೇಳು. ನಾನು ಬಕೆಟಿನ ತಳವನ್ನು ಕೂಡ ಬಡಿದು ನೋಡಿ ಕೊಳ್ಳುವವಳು, ಇದೊಂದನ್ನು ಕೇಳಲಿಲ್ಲ.

ಈಗ ಸಂಜೆ ನಾನು ಅಂಗಡಿಯಲ್ಲೇ ಕೂತಿರುತ್ತೇನೆ. ಮೈದಾನ ಇಲ್ಲಿಂದ ದೂರವೇನಲ್ಲ, ಗಾಳಿ ಈ ಕಡೆ ಬೀಸಿದರೆ ಹುಡುಗಿಯರ ಕೂಗು ಕೇಳುತ್ತದೆ. ಯಾರ ಕೂಗು ಎಂದು ಮಾತ್ರ ತಿಳಿಯುವುದಿಲ್ಲ. ನಿನ್ನೆ ಒಬ್ಬ ಗಿರಾಕಿ ಬೋಗುಣಿ ಕೊಂಡು, "ಮ್ಯಾಲೊಂದು ಚಮಚಾ ಹಾಕ್ರಿ," ಎಂದಳು. "ಚಮಚಾ ಬೇಕಂದ್ರ ಚಮಚಾನ ತಗೋ," ಎಂದೆ. ಬೋಗುಣಿಯನ್ನೂ ಬಿಟ್ಟು ಹೋದಳು.

ಅಂಗಡಿ ಮುಚ್ಚಿ ಮನೆಯ ಬಾಗಿಲಿಗೆ ಬಂದಿದ್ದೆ, ಕತ್ತಲಾಗುವ ಮುಂಚೆ ಸಣ್ಣವಳು ಬಂದಳು. ಅಂಗೈ ಅಗಲದ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಬೂಟಿಗೆ ಮಣ್ಣು ಹತ್ತಿತ್ತು.

"ಆಡಿದಿ?"

"ಹ್ಞೂಂ."

"ಯಾರನ್ನರ ದಾಟಿದಿ?"

ಅವಳು ನನ್ನ ಮುಖವನ್ನು ಒಂದು ಕ್ಷಣ ನಿಂತು ನೋಡಿದಳು. ಎಡಕ್ಕೋ ಬಲಕ್ಕೋ ಎನ್ನುವ ಸುಳಿವೇ ಕೊಡಲಿಲ್ಲ.

"ರೊಟ್ಟಿ ಹಾಕವಾ, ಹಸಿವಾಗೈತಿ," ಎಂದು ಪಕ್ಕದಿಂದ ದಾಟಿ ಒಳಗೆ ಹೋದಳು.